ಎಳೆ ತಪ್ಪಿದ ಜಮಖಾನೆ

ಬಾಣಂತನಕ್ಕೆ ಬಂದಿರುವ ಮಗಳು ಮೊನ್ನೆ ಕಬ್ಬಿಣದ ಟ್ರಂಕಿನ ತಳದಿಂದ ಆ ಜಮಖಾನೆಯನ್ನು ಎಳೆದು ತೆಗೆದಳು. ನುಸಿಗುಳಿಗೆಯ ಘಾಟಿನ ಅಡಿಯಲ್ಲಿ ಹಳೆಯ ಬಣ್ಣದ ಹುಳಿ ವಾಸನೆ ಇನ್ನೂ ಇತ್ತು... ನೀಲಿ, ಕೆಂಪು ಪಟ್ಟೆಗಳು ಅಷ್ಟೇನೂ ಮಾಸಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಗೇಣಗಲ ಎಳೆಗಳು ತಪ್ಪಿ, ಗೋಜಲಾಗಿ, ಪಟ್ಟೆ ಎಂಬುದೇ ಇಲ್ಲ. "ನೇಯ್ದೋನು ತೂಕಡಿಸ್ತಿದ್ನೇನಮ್ಮ?" ಎಂದು ಮಗಳು ನಕ್ಕಳು. ಅವನು ಎಚ್ಚರವಾಗಿಯೇ ಇದ್ದ.

ಅದನ್ನು ನಮ್ಮ ಮನೆಗೆ ಕೊಟ್ಟವರು ನೇಯ್ಗೆ ಮೇಷ್ಟ್ರು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿದ್ದಿರಬೇಕು. ಮಂಡಿ ಮೊಹಲ್ಲಾದ ವಠಾರದಲ್ಲಿ ನಮ್ಮದು ಮೂರನೆಯ ಮನೆ, ಅವರದು ನಾಲ್ಕನೆಯದು. ಜೈಲಿನಲ್ಲಿ ಕೈದಿಗಳಿಗೆ ಜಮಖಾನೆ ನೇಯುವುದನ್ನು ಕಲಿಸುವುದು ಅವರ ಕೆಲಸ. ಸಂಜೆ ಬಂದವರೇ ಬಚ್ಚಲಲ್ಲಿ ಹುಣಸೆಹಣ್ಣು ಹಾಕಿ ಬೆರಳು ಉಜ್ಜುತ್ತಿದ್ದರು. ಉಗುರಿನ ನೀಲಿ ಮಾತ್ರ ಹೋಗುತ್ತಿರಲಿಲ್ಲ. ಹೆಂಡತಿ ಎಂದೋ ತೀರಿಹೋಗಿದ್ದರು. ರುಜು ಹಾಕುವುದೊಂದು ಬಿಟ್ಟರೆ ಅವರಿಗೆ ಓದುಬರಹ ಬಾರದು. ಹೈಸ್ಕೂಲು ಮುಗಿಸಿ ಸೊಸೆಯಾಗಿ ಬಂದ ನಾನೇ ಅವರ ಕಾಗದಗಳನ್ನು ಬರೆದುಕೊಡುತ್ತಿದ್ದೆ. ಅವರು ಹೊಸ್ತಿಲಿನಾಚೆ ಕೂತು ಹೇಳುವುದು, ನಾನು ಒಳಗೆ ಮಣೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುವುದು.

ಒಂದು ಸಂಜೆ ಮಾತು ಶುರುಮಾಡಿ ನಿಲ್ಲಿಸಿದರು, ಮತ್ತೆ ಶುರುಮಾಡಿದರು. ಅವರ ಕೈಕೆಳಗೆ ಒಬ್ಬ ಕೈದಿ ಇದ್ದ. ತನ್ನ ಹಳ್ಳಿಯಲ್ಲಿ ಒಂದು ಹೆಣ್ಣುಮಗುವಿಗೆ ಮಾಡಬಾರದ್ದು ಮಾಡಿ ಬಂದವನು. ಮಗ್ಗದ ಮನೆಯಲ್ಲಿ ಅವನಷ್ಟು ಚೆನ್ನಾಗಿ ನೇಯುವವರು ಬೇರೆ ಇರಲಿಲ್ಲ. ಕೆಲಸ ಚೆನ್ನಾಗಿದೆ ಎಂದು ಮೇಷ್ಟ್ರು ಹೇಳಿದರೆ ಶಿಕ್ಷೆಯಲ್ಲಿ ಒಂದಷ್ಟು ದಿನ ಮಾಫಿಯಾಗುತ್ತಿತ್ತು. ಅವರು ತಿಂಗಳು ತಿಂಗಳೂ ಹೇಳುತ್ತಲೇ ಬಂದಿದ್ದರು. ಈಗ ಬಿಡುಗಡೆ ಹತ್ತಿರವಾದಾಗ ಅವನು ಅವರ ಕಾಲು ಹಿಡಿದುಕೊಂಡಿದ್ದ.

"'ಆ ಬುದ್ಧಿ ನನ್ನೊಳಗೆ ಅಂಗೇ ಅದೆ ಸ್ವಾಮಿ, ಒಂದ್ ಎಳೆನೂ ಕಮ್ಮಿ ಆಗಿಲ್ಲ. ಔಸ್ತಿ ಕೊಡ್ಸಿ, ಇಲ್ದಿದ್ರೆ ಇಲ್ಲೇ ಮಡೀಕಳಿ' ಅಂತಾನೆ ಕಣಮ್ಮ," ಎಂದರು ಮೇಷ್ಟ್ರು. ಇಷ್ಟು ವರ್ಷದಲ್ಲಿ ಯಾವ ಕೈದಿಯೂ ಅವರನ್ನು ಹಾಗೆ ಕೇಳಿರಲಿಲ್ಲವಂತೆ.

ಜೈಲಿನ ಡಾಕ್ಟರಿಗೆ ಅರ್ಜಿ ಬರೆಯಬೇಕಿತ್ತು. ನನ್ನ ತೊಡೆಯ ಮೇಲೆ ಎರಡು ವರ್ಷದ ಮಗಳು ಮಲಗಿದ್ದಳು, ಈಗ ಜಮಖಾನೆ ಎಳೆದವಳೇ. ಹಿಂದೆ ಅತ್ತೆ ಅಕ್ಕಿ ಆರಿಸುತ್ತಿದ್ದರು. ಆ ವಿಷಯ ಬರೆಯಲು ನನ್ನ ಕೈ ಏಳಲಿಲ್ಲ. ಇದು ಯಾವ ಹೆಂಗಸಿನ ಅಕ್ಷರ ಎಂದುಕೊಳ್ಳುತ್ತಾರೋ ಎಂಬ ನಾಚಿಕೆ. ಸದರಿ ಕೈದಿಗೆ ಬಹುಕಾಲದಿಂದ ಕಾಯಿಲೆಯಿದೆ, ದಯಮಾಡಿ ಪರೀಕ್ಷಿಸಬೇಕು ಎಂದಷ್ಟೇ ಬರೆದೆ. ಮೇಷ್ಟ್ರು ನಿಧಾನವಾಗಿ ರುಜು ಹಾಕಿದರು.

ಡಾಕ್ಟರು ಪರೀಕ್ಷಿಸಿದರು. ನಾಲಿಗೆ ನೋಡಿ, ಹೊಟ್ಟೆ ಒತ್ತಿ, ಹದಿನೈದು ದಿನಕ್ಕೆ ಕೆಂಪು ಮಿಕ್ಸ್ಚರು ಕೊಟ್ಟರು. ವಾರ್ಡರುಗಳ ಮುಂದೆ ಅವನೂ ಬಾಯಿಬಿಡಲಿಲ್ಲ. ಕಾಗದದಲ್ಲಿ ಎಲ್ಲಾ ಇದೆ ಎಂದು ನಂಬಿದ್ದ. "ದಿನಾ ಕೇಳ್ತಾನೆ ಕಣಮ್ಮ, ಎಷ್ಟು ದಿನಕ್ಕೆ ಹಿಡಿಯುತ್ತೆ ಸ್ವಾಮಿ ಅಂತ," ಎಂದರು ಮೇಷ್ಟ್ರು. ಅವರೂ ನಂಬಿದ್ದರು.

ಮರುದಿನ ಹೇಳಿಬಿಟ್ಟೆ. "ಮೇಷ್ಟ್ರೇ, ನಾನು ಅದನ್ನ ಬರೀಲೇ ಇಲ್ಲ." ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ನಾನಾದ್ರೂ ನಿನ್ನ ಮುಂದೆ ಬಾಯ್ಬುಟ್ಟು ಹೇಳಿದ್ನೇನಮ್ಮ..." ಎಂದರು.

ಎರಡನೆಯ ಅರ್ಜಿಯನ್ನು ಇದ್ದದ್ದು ಇದ್ದಹಾಗೆ ಬರೆದೆ. ಅದು ಮೇಲಕ್ಕೆ ಹೋಗಿ ಕೆಳಕ್ಕೆ ಬರುವ ಹೊತ್ತಿಗೆ ಬಿಡುಗಡೆಗೆ ಹನ್ನೆರಡು ದಿನ ಉಳಿದಿತ್ತು. ಕೈದಿಗೆ ಬುದ್ಧಿಭ್ರಮಣೆ ಇಲ್ಲ, ನಡತೆ ಉತ್ತಮ, ಇಂಥದಕ್ಕೆ ಚಿಕಿತ್ಸೆಯ ಏರ್ಪಾಡು ಇಲ್ಲ ಎಂಬುದು ಉತ್ತರ. ಹುಚ್ಚಿದ್ದರೆ ಒಂದು ಆಸ್ಪತ್ರೆ, ಕ್ಷಯವಿದ್ದರೆ ಇನ್ನೊಂದು. ಇದಕ್ಕೆ ಇದ್ದದ್ದು ಮಗ್ಗ ಒಂದೇ.

ಆಗ ಮೇಷ್ಟ್ರು ದಿಕ್ಕು ತೋಚದೆ ನನ್ನನ್ನು ಒಂದು ಮಾತು ಕೇಳಿದರು. ತಮ್ಮ ಮನೆಯಲ್ಲೇ ಮಗ್ಗ ಹಾಕಿ ಅವನನ್ನು ಕಣ್ಣೆದುರಿಗೆ ಇಟ್ಟುಕೊಳ್ಳಬಹುದೇ ಎಂದು. ನಾನು ಅಂಗಳದಲ್ಲಿದ್ದ ಮಗಳನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಇವತ್ತಾದರೂ ಅದನ್ನೇ ಮಾಡುತ್ತೇನೆ. ಅವನೂ ಒಪ್ಪಲಿಲ್ಲವಂತೆ. "ನಿಮ್ಮ ವಠಾರದಲ್ಲಿ ಮಕ್ಕಳವೆ ಅಂದಿದ್ರಲ್ಲ ಸ್ವಾಮಿ," ಎಂದನಂತೆ.

ಕೊನೆಯ ವಾರ ಅವನು ಮಗ್ಗದ ಮೇಲಿದ್ದ ಜಮಖಾನೆಯನ್ನು ಬೇಕೆಂದೇ ಕೆಡಿಸಿದ. ಕೆಲಸ ಕೆಟ್ಟರೆ ಮಾಫಿ ಕಳೆಯುತ್ತಾರೆ, ಇನ್ನೂ ಕೆಲವು ದಿನ ಒಳಗಿರಬಹುದು ಎಂಬ ಆಸೆ. ಮೇಷ್ಟ್ರು ಅದನ್ನು ಹೊತ್ತುಕೊಂಡು ಹೋಗಿ ಜೈಲರ ಮುಂದೆ ಹಾಸಿ, ಇವನ ಕೆಲಸ ಸರಿಯಿಲ್ಲ ಎಂದರು. ಜೈಲರು ನಕ್ಕುಬಿಟ್ಟರಂತೆ. ನಾಲ್ಕು ವರ್ಷ ನೀವೇ ಹೊಗಳಿದ್ದೀರಿ ಮೇಷ್ಟ್ರೇ, ಮನೆಗೆ ಹೋಗುವ ಖುಷಿಯಲ್ಲಿ ಕೈ ತಪ್ಪಿದೆ ಬಿಡಿ ಎಂದರಂತೆ. ಮಾರಾಟಕ್ಕೆ ಬಾರದ ಜಮಖಾನೆಯನ್ನು ಮೇಷ್ಟ್ರೇ ಕೊಂಡು ತಂದರು. ಹೇಳಿದ ದಿನವೇ ಅವನನ್ನು ಬಿಟ್ಟರು.

ಆರು ತಿಂಗಳೂ ಆಗಿರಲಿಲ್ಲ. ಒಂದು ಸಂಜೆ ಮೇಷ್ಟ್ರು ಕೈ ತೊಳೆಯದೆ ನಮ್ಮ ಹೊಸ್ತಿಲಿನಾಚೆ ಬಂದು ಕೂತರು. "ತಿರ್ಗಾ ಜೈಲಿಗೇ ಬಂದ್ಬುಟ್ಟ ಕಣಮ್ಮ," ಎಂದರು. "ಇನ್ನೊಂದು ಮಗು."

ಆಮೇಲೆ ಅವರು ನನ್ನ ಹತ್ತಿರ ಏನನ್ನೂ ಬರೆಸಲಿಲ್ಲ. ಜೈಲಿನಲ್ಲಿ ಯಾರ ಕೆಲಸವನ್ನೂ ಚೆನ್ನಾಗಿದೆ ಎನ್ನುವುದನ್ನು ನಿಲ್ಲಿಸಿಬಿಟ್ಟರಂತೆ. ಮಾಫಿ ತಪ್ಪಿದ ಬೇರೆ ಕೈದಿಗಳು ಅವರಿಗೆ ಶಾಪ ಹಾಕಿದರು. ವರ್ಷದೊಳಗೆ ಕೆಲಸ ಬಿಟ್ಟರು. ತಂಗಿಯ ಊರಿಗೆ ಹೊರಟ ಬೆಳಿಗ್ಗೆ ಈ ಜಮಖಾನೆಯನ್ನು ಸುತ್ತಿ ನಮ್ಮ ಬಾಗಿಲಲ್ಲಿಟ್ಟು, ಅತ್ತೆಗೆ ಕೈಮುಗಿದು ಹೋದರು. ಅಲ್ಲೇ ತೀರಿಕೊಂಡರೆಂದು ಯಾರೋ ಹೇಳಿದ್ದು, ಯಾವ ವರ್ಷವೋ... ಅವನ ಕೈಗೆ ಸಿಕ್ಕಿದ ಆ ಎರಡು ಮಕ್ಕಳು ಏನಾದರೋ, ಅದನ್ನಂತೂ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಗಳು ರಾಮಕೃಷ್ಣನಗರದ ಈ ಮನೆಯ ನಡುಮನೆಯಲ್ಲಿ ಜಮಖಾನೆ ಹಾಸಿದಳು. ಕೆಟ್ಟ ಮೂಲೆಯನ್ನು ಗೋಡೆಯ ಕಡೆಗೆ ತಿರುಗಿಸಿ, ಕೂಸನ್ನು ಮಲಗಿಸಲು ಬಗ್ಗಿದಳು. ನಾನು ಮೊಮ್ಮಗಳನ್ನು ಅವಳ ಕೈಯಿಂದ ತೆಗೆದುಕೊಂಡು ತೊಡೆಗೆ ಹಾಕಿಕೊಂಡೆ. ಯಾಕಮ್ಮ, ಏನಾಯ್ತು ಎಂದಳು. ಹೇಳಬೇಕೆಂದು ಬಾಯಿ ತೆರೆದೆ.

"ಧೂಳಿದೆ ಕಣೇ," ಎಂದೆ.