ಉದ್ದ ಹುಲ್ಲಿನೊಳಗೆ ಅಲುಗಿದ ಚೆಂಡು

ಥಾಯ್ಲೆಂಡಿನ ಆ ಹುಡುಗಿಯನ್ನು ನಾನು ಮೊದಲು ನೋಡಿದ್ದು ಒಂದು ವಾದ ಗೆಲ್ಲುವುದಕ್ಕಾಗಿ. ಧಾರವಾಡದಲ್ಲಿ ಕಾನೂನು ಓದುತ್ತಿದ್ದಾಗ ಒಂದು ಚರ್ಚಾಸ್ಪರ್ಧೆಯಲ್ಲಿ ‘ಗಾಲ್ಫ್ ಆಟವೇ ಅಲ್ಲ, ಉಳ್ಳವರ ವಾಯುವಿಹಾರ’ ಎಂಬ ವಿಷಯ ಕೊಟ್ಟಿದ್ದರು. ಚೀಟಿ ಎತ್ತಿದಾಗ ನನಗೆ ಬಂದದ್ದು ವಿರೋಧದ ಪಾಳಿ. ಮನಸ್ಸಿನಲ್ಲಿ ಪೂರ್ತಿ ಒಪ್ಪಿಕೊಂಡಿದ್ದ ಮಾತನ್ನು ವೇದಿಕೆಯ ಮೇಲೆ ಅಲ್ಲಗಳೆಯಬೇಕಿತ್ತು. ರಾಣೆಬೆನ್ನೂರಿನವಳಾದ ನಾನು ಗಾಲ್ಫ್ ಮೈದಾನವನ್ನು ಕಣ್ಣಿನಿಂದ ಕಂಡವಳೂ ಅಲ್ಲ.

ಫೋನಿನಲ್ಲಿ ಉದಾಹರಣೆ ಹುಡುಕುತ್ತ ಹೋದಾಗ ಆಕೆ ಸಿಕ್ಕಳು. ನನಗಿಂತ ಸ್ವಲ್ಪ ಚಿಕ್ಕವಳು. ಶಾಲೆ ಮುಗಿಯುವ ಮೊದಲೇ ಹಣಕ್ಕಾಗಿ ಆಡಲು ಇಳಿದವಳು. ಕೋಲುಗಳ ಭಾರದ ಚೀಲ ಹೊತ್ತು ಹಿಂದೆ ನಡೆಯುತ್ತಿದ್ದವರು ಆಕೆಯ ಅಪ್ಪ. ಬೇರೆ ದೇಶಗಳ ಊಟ ಒಗ್ಗದೆ ಅಕ್ಕಿ ಬೇಯಿಸುವ ಪಾತ್ರೆಯನ್ನು ಜೊತೆಗೇ ಒಯ್ಯುತ್ತಿದ್ದರಂತೆ. ವಾಯುವಿಹಾರಕ್ಕೆ ಹೊರಟವರು ಅನ್ನದ ಪಾತ್ರೆ ಹೊರುತ್ತಾರೆಯೇ ಎಂದು ಕೇಳಿದೆ. ಸಭೆ ನಕ್ಕಿತು, ನಾನು ಗೆದ್ದೆ.

ಗೆದ್ದ ಮೇಲೆ ಆಕೆಯನ್ನು ಮರೆಯಬೇಕಿತ್ತು. ಹಾವೇರಿ ಕೋರ್ಟಿನಲ್ಲಿ ಜೂನಿಯರ್ ಆಗಿ ಸೇರಿದ ಮೇಲೂ ಬಸ್ಸಿನಲ್ಲಿ ಕುಳಿತು ಆಕೆಯ ಆಟ ನೋಡುವ ಚಟ ಬಿಡಲಿಲ್ಲ. ಕಾರಣ, ಎರಡು ಪ್ರಶ್ನೆಗಳು ಬಗೆಹರಿದಿರಲಿಲ್ಲ. ಮೊದಲನೆಯದು ಸಣ್ಣದು. ಅವರ ಪಂದ್ಯ ಸಾಮಾನ್ಯವಾಗಿ ನಾಲ್ಕು ದಿನದ್ದು, ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ಮುಂದೆ. ಎರಡು ದಿನ ಮುಗಿದಾಗ ಹಿಂದೆ ಬಿದ್ದವರನ್ನೆಲ್ಲ ಮನೆಗೆ ಕಳಿಸುತ್ತಾರೆ. ಹಾಗೆ ಹೊರಬಿದ್ದವಳು ಶನಿವಾರ ಏನು ಮಾಡುತ್ತಾಳೆ? ಕ್ಯಾಮೆರಾ ಆಕೆಯ ಹಿಂದೆ ಹೋಗುವುದೇ ಇಲ್ಲ. ಗೆಲ್ಲುವವರ ಶನಿವಾರವನ್ನು ಮಾತ್ರ ತೋರಿಸುವ ಆಟವನ್ನು ಅರ್ಧವೇ ನೋಡಿದ ಹಾಗೆ ಎಂದು ನನಗೆ ಅನ್ನಿಸುತ್ತಿತ್ತು. ಎರಡನೆಯದು ದೊಡ್ಡದು. ಹೊಡೆತಗಳ ಲೆಕ್ಕಕ್ಕೆ ಕೊನೆಗೆ ಹೊಣೆ ಆಟಗಾರ್ತಿಯದೇ. ಬೆನ್ನ ಹಿಂದೆ ಅಂಪೈರ್ ನಿಂತಿರುವುದಿಲ್ಲ. ತಪ್ಪಾದರೆ ತಾನೇ ಹೇಳಿ, ತನ್ನ ಮೇಲೆ ತಾನೇ ದಂಡ ಹಾಕಿಕೊಳ್ಳಬೇಕು. ಆರೋಪಿ, ಸಾಕ್ಷಿ, ನ್ಯಾಯಾಧೀಶ ಮೂವರೂ ಒಬ್ಬಳೇ ಆದರೆ ಅದು ಹೇಗೆ ನಡೆಯುತ್ತದೆ? ದಿನವಿಡೀ ಕಟಕಟೆಯ ಪಕ್ಕ ನಿಲ್ಲುವ ನನಗೆ ಅದು ನಂಬುವ ಮಾತಾಗಿರಲಿಲ್ಲ.

ಹಾಗಿರುವಾಗ ಒಂದು ಸಂಜೆ ಮನೆಯಲ್ಲಿ ಆಕೆಯ ಎರಡನೆಯ ದಿನದ ಆಟ ನೋಡುತ್ತಿದ್ದೆ. ಪಕ್ಕದಲ್ಲಿ ನನ್ನ ತಂಗಿ ಕೆಂಪು ದಾರವನ್ನು ಬೆರಳುದ್ದಕ್ಕೆ ಕತ್ತರಿಸಿ ಗುಡ್ಡೆ ಹಾಕುತ್ತಿದ್ದಳು. ಹೊಲದಲ್ಲಿ ಒಮ್ಮೆ ದಾರ ಮುಗಿದು ಫಜೀತಿಯಾಗಿತ್ತಂತೆ. ಅಂದಿನಿಂದ ರಾಶಿಗಟ್ಟಲೆ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದಳು.

“ಚೆಂಡ ಎಲ್ಲೈತಿ?” ಎಂದಳು, ಫೋನಿನತ್ತ ಬಗ್ಗಿ.

“ಹುಲ್ಲಾಗ.”

“ಅಷ್ಟ ಉದ್ದ ಹುಲ್ಲಾಗ ಏನ್ ಮಾಡಾಕತ್ಯಾಳ ಆಕಿ? ಮೇವು ಕೊಯ್ಯಾಕ ಬಂದಾಳೇನು?”

ನಾನು ಉತ್ತರಿಸುವ ಮೊದಲೇ ಆ ಹುಡುಗಿ ಕೋಲನ್ನು ಕೆಳಗಿಟ್ಟು ಕೈ ಎತ್ತಿದಳು. ಅಧಿಕಾರಿಯೊಬ್ಬರು ಓಡುತ್ತ ಬಂದರು. ಹೊಡೆಯಲು ನಿಲ್ಲುವಾಗ ತನ್ನಿಂದಲೇ ಚೆಂಡು ಸ್ವಲ್ಪ ಅಲುಗಿತು ಎಂದು ಆಕೆ ಹೇಳಿದಳಂತೆ. ಮತ್ತೆ ಮತ್ತೆ ತೋರಿಸಿದರೂ ನಮಗೆ ಕಂಡದ್ದು ಹುಲ್ಲು ಮಾತ್ರ. ದಂಡವಾಗಿ ಒಂದು ಹೊಡೆತ ಸೇರಿತು. ಆ ಒಂದೇ ಹೊಡೆತದಿಂದ ಆಕೆ ಶನಿವಾರದ ಆಟದಿಂದ ಹೊರಬಿದ್ದಳು.

“ಯಾರೂ ನೋಡಿದ್ದಿಲ್ಲ. ಆಕಿನ ಹೇಳಿದ್ಳು,” ಎಂದಳು ತಂಗಿ.

“ಕ್ಯಾಮೆರಾ ಇತ್ತಲ್ಲ. ಆಮ್ಯಾಲೆ ಸಿಕ್ಕೊಂಡ್ರ ಪೂರ್ತಿ ಹೊರಗ ಹಾಕ್ತಾರ. ಅದಕ್ಕ ಮೊದ್ಲ ಹೇಳ್ಯಾಳ. ಅದು ಪ್ರಾಮಾಣಿಕತನ ಅಲ್ಲ, ಲೆಕ್ಕಾಚಾರ.”

“ಸುಳ್ಳ ಹೇಳವ್ರನ್ನ ನೋಡಿ ನೋಡಿ ನಿನ್ನ ಕಣ್ಣಿಗೆ ಪೊರಿ ಬಂದೈತಿ ಅಕ್ಕ,” ಎಂದು ಕತ್ತರಿ ಆಡಿಸಿದಳು.

ತಂಗಿಯ ದಾರದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಹತ್ತಿರದ ಮೇಡ್ಲೇರಿಯಲ್ಲಿ ಅವ್ವನಿಗೆ ತವರಿನ ಪಾಲಾಗಿ ಬಂದ ಒಂದು ಎಕರೆ ಇದೆ. ಹೆಸರು ಅವ್ವನದು, ಹುಕುಂ ಅಪ್ಪನದು. ಈ ವ್ಯವಸ್ಥೆಯ ವಿರುದ್ಧ ನಾನು ಮನೆಯಲ್ಲಿ ಅನೇಕ ಸಲ ವಾದಿಸಿ ಸೋತಿದ್ದೇನೆ, ಅದೂ ಅವ್ವನ ಕೈಯಲ್ಲೇ. ಡಿಗ್ರಿ ಮುಗಿಸಿದ ತಂಗಿ ಅಲ್ಲಿ ಒಂದು ಮೂಲೆಗೆ ಬಲೆಯ ಚಪ್ಪರದಂಥ ನೆಟ್ ಕಟ್ಟಿಸಿ, ಬೀಜದ ಕಂಪನಿಗಾಗಿ ಹೈಬ್ರಿಡ್ ಮೆಣಸಿನಕಾಯಿ ಬೀಜ ಮಾಡುತ್ತೇನೆ ಎಂದು ಹಟ ಹಿಡಿದಿದ್ದಳು. ಅದು ಒಂದೊಂದೇ ಹೂವಿನ ಕೆಲಸ. ಸಂಜೆ ಹೆಣ್ಣು ಗಿಡದ ಮೊಗ್ಗು ಬಿಡಿಸಿ, ಒಳಗಿನ ಗಂಡು ಭಾಗ ಸಿಡಿಯುವ ಮೊದಲೇ ಅದನ್ನು ಕಿತ್ತು, ತೊಟ್ಟಿಗೆ ದಾರ ಕಟ್ಟಬೇಕು. ಮರುದಿನ ಬೆಳಿಗ್ಗೆ ಅದೇ ಹೂವಿಗೆ ಬೇರೆ ತಳಿಯ ಗಂಡು ಗಿಡದ ಪರಾಗದ ಪುಡಿ ಹಚ್ಚಬೇಕು. ದಾರವಿದ್ದ ಕಾಯಿ ಮಾತ್ರ ಬೀಜಕ್ಕೆ. ದಾರವಿಲ್ಲದ್ದನ್ನೆಲ್ಲ ಕಿತ್ತು ಎಸೆಯಬೇಕು. ಕೊನೆಗೆ ಕಂಪನಿಯವರು ಆ ಬೀಜದಲ್ಲಿ ಒಂದು ಹಿಡಿ ಬಿತ್ತಿ ನೋಡುತ್ತಾರೆ. ಬೆಳೆದ ಗಿಡಗಳಲ್ಲಿ ಬೆರಕೆ ಹೆಚ್ಚಿದ್ದರೆ ಇಡೀ ಬೀಜ ವಾಪಸು.

ಅಪ್ಪ ಬ್ಯಾಡಗಿಯಲ್ಲಿ ದಲಾಲಿ ಅಂಗಡಿಯವರು. ಮೆಣಸಿನಕಾಯಿ ಚೀಲದ ಬಾಯಿ ನೋಡಿ ಬೆಲೆ ಹೇಳುವವರಲ್ಲ. ಮೊಣಕೈತನಕ ಕೈ ಇಳಿಸಿ ಬುಡದ ಕಾಯಿ ಎತ್ತಿ ನೋಡುವವರು. ನನ್ನ ಸಂಶಯದ ಬುದ್ಧಿ ಅವರ ಕಡೆಯಿಂದಲೇ ಬಂದದ್ದು. ತಂಗಿಗೆ ಅವರು ಹಾಕಿದ ಕರಾರು ಚಿಕ್ಕದಾಗಿತ್ತು.

“ಕಂಪನಿಯವ್ರು ಹೇಳಿದಷ್ಟು ತೂಕ ಬರ್ಬೇಕು, ಟೆಸ್ಟೂ ಪಾಸಾಗ್ಬೇಕು. ಎರಡೂ ಆದ್ರ ಆ ಎಕರೆ ನೀನ ಮಾಡ್ಕೋ. ಒಂದ ತಪ್ಪಿದ್ರೂ ಹೊಲ ಬ್ಯಾರೆಯವ್ರಿಗೆ ಲಾವಣಿಗೆ, ನೀ ಬಿ.ಎಡ್.ಗೆ. ತಿಳೀತೇನವ್ವ?”

“ತಿಳೀತು,” ಎಂದಿದ್ದಳು. ಬಿ.ಎಡ್. ಎಂಬ ಮಾತು ಕೇಳಿದರೇ ಅವಳ ಮುಖ ಕಹಿ ಗುಳಿಗೆ ಕಚ್ಚಿದಂತಾಗುತ್ತಿತ್ತು.

ಹಣ್ಣು ಬಿಡಿಸುವ ಕಾಲಕ್ಕೆ ಒಂದು ಭಾನುವಾರ ನಾನೂ ಮೇಡ್ಲೇರಿಗೆ ಹೋದೆ. ಕರೆದಿರಲಿಲ್ಲ, ಹೇಗೆ ಮಾಡುತ್ತಾಳೆ ನೋಡೋಣವೆಂದು ನಾನೇ ಹೋದದ್ದು. ನೆಟ್ಟಿನೊಳಗೆ ಕಾಲಿಟ್ಟ ಕೂಡಲೇ ಕೆಲಸಕ್ಕೆ ಬಂದಿದ್ದ ಹಿರಿಯ ಹೆಂಗಸೊಬ್ಬರು ಉಳಿದವರಿಗೆ ಕೂಗಿ ಹೇಳಿದರು: “ವಕೀಲ್ತಿ ಬಂದ್ಳು ನೋಡ್ರೇ! ಇನ್ನ ಮೆಣಸಿನಕಾಯಿಗೂ ವಾಯಿದೆ ಕೊಡ್ತಾಳ!”

ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. ಅವಳ ಮುಂದೆ ಎರಡು ಬಕೆಟ್ ಇದ್ದವು. ಒಂದರಲ್ಲಿ ಕೆಂಪು ದಾರ ಕಟ್ಟಿದ ಹಣ್ಣು. ಇನ್ನೊಂದರಲ್ಲೂ ಅಷ್ಟೇ ಚಂದದ ಹಣ್ಣು. ದಾರ ಮಾತ್ರ ಹಳದಿ.

“ಇವ್ಯಾಕ ಬ್ಯಾರೆ?”

“ಅವು ಬೀಜಕ್ಕ ಬ್ಯಾಡ.”

“ದಾರ ಐತಲ್ಲ?”

ತಂಗಿ ಹೆಂಗಸರತ್ತ ನೋಡಿ ದನಿ ತಗ್ಗಿಸಿದಳು. “ಒಂದಿನ ಕೆಂಪ ದಾರ ತೀರಿತ್ತು. ಅವ್ವನ ಹೊಲಿಗಿ ಮಷೀನಿನ ಡಬ್ಬಿಯಿಂದ ಹಳದಿ ತಂದು ಕಟ್ಟಿದ್ದೆ. ಈ ಸಾಲ ನಾ ಒಬ್ಬಾಕಿನ ಮಾಡಿದ್ದು. ಮೋಡ ಆಗಿತ್ತು, ಕತ್ತಲಾತು ಅಂತ ಲಗೂ ಲಗೂ ಕಿತ್ತೆ. ಮುಗಿಸಿ ಕೈ ತೊಳಿಯೂ ಮುಂದ ನೋಡ್ತೇನಿ, ಬೆರಳಿಗೆ ಪುಡಿ ಹತ್ತೇತಿ. ಕೆಲವು ಮೊಗ್ಗಿ ಆಗ್ಲೇ ಒಳಗ ಸಿಡದಿದ್ವು.”

ಅಂದರೆ ಆ ಹೂಗಳಿಗೆ ತಮ್ಮದೇ ಪುಡಿ ಬಿದ್ದಿರಬಹುದು. ದಾರ ಹೇಳುವುದು ಒಂದು, ಒಳಗೆ ಇರುವುದು ಇನ್ನೊಂದು.

“ಕೆಲವು ಅಂದಿ. ಎಲ್ಲಾ ಅಲ್ಲಲ್ಲ?”

“ಅಲ್ಲ.”

ನನಗೆ ಅಷ್ಟೇ ಬೇಕಿತ್ತು. ನೆಟ್ಟಿನ ಬಿಸಿಯಲ್ಲಿ ಬೆವರುತ್ತ ವಾದ ಶುರು ಮಾಡಿದೆ. ಕಂಪನಿಯವರು ಬಿತ್ತುವುದು ಒಂದು ಹಿಡಿ. ಈ ಕಾಯಿಗಳ ಬೀಜ ಅದರಲ್ಲಿ ಎಷ್ಟು ಬಂದೀತು? ಟೆಸ್ಟಿನಲ್ಲಿ ಬೀಳುವುದು ಬರೀ ಅನುಮಾನ, ಇವನ್ನು ತೆಗೆದರೆ ತೂಕ ಕಡಿಮೆಯಾಗುವುದು ಖಂಡಿತ. ಅನುಮಾನಕ್ಕೆ ಹೆದರಿ ಖಂಡಿತವಾದ ಸೋಲನ್ನು ಕೈಯಾರೆ ತಂದುಕೊಳ್ಳುತ್ತಾರೆಯೇ? ಅಪ್ಪನ ಕರಾರು ನೆನಪಿದೆಯೇ?

ಅವಳು ಹಣ್ಣು ಬಿಡಿಸುತ್ತಲೇ ಇದ್ದಳು. ಕೊನೆಗೆ ನನ್ನ ಗಟ್ಟಿ ಮಾತನ್ನು ಹಾಕಿದೆ: “ಇದರಾಗ ಅರ್ಧ ಚಲೋನ ಇರ್ತಾವ. ಅವನ್ನೂ ಯಾಕ ಹಾಳ ಮಾಡ್ತಿ?”

ತಂಗಿ ಹಳದಿ ದಾರದ ಬಕೆಟ್ಟನ್ನು ನನ್ನ ಮುಂದೆ ಸರಿಸಿದಳು.

“ಯಾವ ಅರ್ಧ?”

ಒಂದು ಹಣ್ಣನ್ನು ಕೈಗೆತ್ತಿಕೊಂಡು ನೋಡಿದೆ. ಇನ್ನೊಂದನ್ನು ನೋಡಿದೆ. ಬೆಳಕಿಗೆ ಹಿಡಿದೆ. ಎರಡೂ ಒಂದೇ ಕೆಂಪು, ಒಂದೇ ನುಣುಪು.

“ಆ ಥಾಯ್ಲೆಂಡಿನಾಕಿನ್ನ ನೋಡಿ ಹಿಂಗ ಮಾಡಾಕತ್ತೀಯೇನು?” ಎಂದು ಕೇಳಿದೆ. ಅಣಕಿಸಲು ಕೇಳಿದ್ದಲ್ಲ, ನಿಜಕ್ಕೂ ತಿಳಿಯಬೇಕಿತ್ತು.

“ಹುಚ್ಚಿ! ಇವನ್ನ ಬ್ಯಾರೆ ತಗೀಬೇಕು ಅಂತ ನಾ ಅವತ್ತ ಕೈ ತೊಳಿಯೂ ಮುಂದನ ಅಂದ್ಕೊಂಡಿದ್ದೆ. ಆಕಿ ಚೆಂಡ ಅಲುಗಿದ್ದು ಆಮ್ಯಾಲೆ. ಆಕಿನ ನನ್ನ ನೋಡಿ ಕಲ್ತಿರ್ಬೇಕು.” ಈಗ ಅವಳೂ ನಕ್ಕಳು. ಮರುಕ್ಷಣವೇ ಕೈಯಲ್ಲಿನ ಹಣ್ಣು ತೋರಿಸಿ ಗದರಿದಳು. “ಅಪ್ಪಗ ಹೇಳಬ್ಯಾಡ. ಹೇಳಿದ್ರ ತೂಕ ಬರಲಿಲ್ಲ ಅಂತ ನೆವ ಹುಡುಕಿದಂಗಾಕ್ಕೈತಿ.”

ವಾಪಸು ಬರುವಾಗ ಬಸ್ಸಿನಲ್ಲಿ ಇದೇ ಯೋಚನೆ. ಕ್ಯಾಮೆರಾ ಇತ್ತು, ಅದಕ್ಕೇ ಹೇಳಿದಳು ಎಂದು ಆ ಹುಡುಗಿಯ ಬಗ್ಗೆ ತೀರ್ಪು ಕೊಟ್ಟಿದ್ದೆ. ಮೇಡ್ಲೇರಿಯ ನೆಟ್ಟಿನಲ್ಲಿ ಕ್ಯಾಮೆರಾ ಇರಲಿಲ್ಲ. ನಾನಿದ್ದೆನಲ್ಲ, ನನಗೆ ತೋರಿಸಲೆಂದು ಮಾಡಿದಳೇ? ಆದರೆ ನಾನು ಹೋಗುವ ಮೊದಲೇ ಆ ಬಕೆಟ್ ಅರ್ಧ ತುಂಬಿತ್ತು. ಪಾಟೀಸವಾಲಿನಲ್ಲಿ ಈ ಸಾಕ್ಷಿಯನ್ನು ಹೇಗೆ ಮುರಿಯುವುದೆಂದು ರಾಣೆಬೆನ್ನೂರು ಬರುವವರೆಗೂ ಹುಡುಕಿದೆ, ಸಿಗಲಿಲ್ಲ.

ತೂಕ ಕಡಿಮೆಯೇ ಬಂತು. ಹೆಚ್ಚೇನಲ್ಲ, ಆದರೆ ಕಡಿಮೆ. ಅಪ್ಪ “ಹ್ಞೂಂ” ಎಂದರು, ಅಷ್ಟೇ. ಟೆಸ್ಟಿನ ಫಲಿತಾಂಶಕ್ಕೆ ಇನ್ನೂ ತಿಂಗಳುಗಳಿದ್ದವು. ಮನೆಯಲ್ಲಿ ಬಿ.ಎಡ್. ಅರ್ಜಿಯ ಮಾತು ಮೆಲ್ಲಗೆ ಶುರುವಾಯಿತು.

ಅತ್ತ ಆ ಹುಡುಗಿಯೂ ವರ್ಷದ ಕೊನೆಗೆ ದೊಡ್ಡ ಪಂದ್ಯಗಳಲ್ಲಿ ಆಡುವ ಹಕ್ಕು ಕಳೆದುಕೊಂಡು, ಹೊಸಬರ ಜೊತೆ ಮತ್ತೆ ಅರ್ಹತೆಯ ಆಟ ಆಡಬೇಕಾಯಿತು. ಅದನ್ನು ಯಾರೂ ತೋರಿಸಲಿಲ್ಲ. ಹೆಸರು, ಅದರ ಮುಂದೆ ಅಂಕಿ, ಇಷ್ಟೇ. ಕೋರ್ಟಿನ ಪಡಸಾಲೆಯಲ್ಲಿ ನಿಂತು ಫೋನು ತೀಡುತ್ತಿದ್ದೆ. ಆಕೆಯ ಅಪ್ಪ ಇನ್ನೂ ಚೀಲ ಹೊರುತ್ತಿದ್ದಾರೆಯೇ? ಅಕ್ಕಿ ಎಲ್ಲಿ ಬೇಯಿಸಿದರು? ಆ ಒಂದು ಹೊಡೆತವನ್ನು ನುಂಗಿಕೊಂಡಿದ್ದರೆ ಇಲ್ಲಿಗೆ ಬರುತ್ತಿರಲಿಲ್ಲ ಎಂದು ಒಮ್ಮೆಯಾದರೂ ಅಂದುಕೊಂಡಳೇ? ಅಂಕಿಗಳಲ್ಲಿ ಅದಾವುದೂ ಇರಲಿಲ್ಲ. ಪಟ್ಟಿಯ ತಳದಲ್ಲಿ ಹೇಗೋ ಆಕೆ ಒಳಗೆ ಬಂದಳು.

ಟೆಸ್ಟ್ ಪಾಸಾಯಿತೆಂದು ಕಂಪನಿಯವರ ಫೋನು ಬಂದ ದಿನ ನಾವು ನಾಲ್ವರೂ ಊಟಕ್ಕೆ ಕುಳಿತಿದ್ದೆವು. ಅಪ್ಪ ರೊಟ್ಟಿ ಮುರಿಯುತ್ತ, “ಒಂದ ಬಂತು, ಒಂದ ಬರಲಿಲ್ಲ,” ಎಂದರು. ತಂಗಿ ತಲೆ ಎತ್ತಲಿಲ್ಲ.

ಅಪ್ಪನಿಗೆ ಹೇಳಬೇಡವೆಂದು ಅವಳು ಅಂದದ್ದು ನನಗೆ ನೆನಪಿತ್ತು. ಆದರೂ ಹೇಳಿಬಿಟ್ಟೆ: “ಅಪ್ಪಾ, ಆ ಹಳದಿ ದಾರದ ಕಾಯಿ ಹಾಕಿದ್ರ ತೂಕಾನೂ ಬರ್ತಿತ್ತು.”

“ಯಾವ ಹಳದಿ ದಾರ?”

ತಂಗಿ ನನ್ನ ಕಾಲು ತುಳಿದಳು. ನಾನು ಮೋಡ ಕವಿದ ಸಂಜೆಯಿಂದ ಬಕೆಟ್ಟಿನವರೆಗೆ ಎಲ್ಲವನ್ನೂ ಒಪ್ಪಿಸಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು.

“ಹಾಕಿದ್ರೂ ಟೆಸ್ಟ್ ಪಾಸಾಗ್ತಿತ್ತೋ ಏನೋ. ಯಾರಿಗೆ ಗೊತ್ತು?”

ಅದು ನನ್ನದೇ ವಾದ, ನನ್ನ ಎದುರಿಗೇ ಬಂದು ಕುಳಿತಿತ್ತು. “ಗೊತ್ತಿಲ್ಲ,” ಎಂದೆ.

“ಇರ್ಲಿ. ಆ ಕಾಯಿ ಎಲ್ಲದಾವ? ನಾ ನೋಡ್ಬೇಕು.” ಚೀಲದ ಬುಡಕ್ಕೆ ಕೈ ಹಾಕುವ ಮನುಷ್ಯ, ಬಿಡುತ್ತಾರೆಯೇ?

“ನಿಮ್ಮ ತಾಟಿನ್ಯಾಗ,” ಎಂದಳು ಅವ್ವ. “ರಂಜಕ ಕುಟ್ಟೇನಿ. ಅವಾಗಿಂದ ಅದನ್ನ ತಿನ್ನಾಕತ್ತೀರಿ.”

ಅಪ್ಪ ತಾಟಿನ ಅಂಚಿನಲ್ಲಿದ್ದ ಕೆಂಪು ಚಟ್ನಿಯ ಮುದ್ದೆಯನ್ನು ದಿಟ್ಟಿಸಿದರು. ಬೆರಳಿನಿಂದ ಒಂದಿಷ್ಟು ತೆಗೆದು ನಾಲಿಗೆಗಿಟ್ಟುಕೊಂಡರು. “ಸಾಕ್ಷಿ ಎಲ್ಲಾ ನಾನ ತಿಂದ್ ಮುಗಿಸೇನಲ್ಲವ್ವ,” ಎಂದು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆಮೇಲೆ ಅಂಗಡಿಯ ದನಿಯಲ್ಲಿ ತಂಗಿಗೆ ಹೇಳಿದರು: “ಕರಾರಿನ್ಯಾಗ ಅರ್ಧ ಆಗೈತಿ. ಅರ್ಧ ಹೊಲ ನೀ ಮಾಡು. ಉಳಿದರ್ಧ ಲಾವಣಿಗೆ. ಬಿ.ಎಡ್. ಮುಂದಿನ ವರ್ಷ ನೋಡೂಣು.”

ತಂಗಿ ಆಗ ತಲೆ ಎತ್ತಿದಳು.

“ಯಾವ ಅರ್ಧ?”

ಅಪ್ಪ ನೀರಿನ ಲೋಟಕ್ಕೆ ಕೈ ಹಾಕಿದರು. ಲಾವಣಿಗೆ ಕೇಳುವವರು ನೀರಿನ ಪೈಪ್ ಇರುವ ಕಡೆಯನ್ನೇ ಕೇಳುತ್ತಾರೆ ಎಂಬುದು ಅಲ್ಲಿ ಕುಳಿತ ಎಲ್ಲರಿಗೂ ಗೊತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಇನ್ನೊಂದು ರೊಟ್ಟಿಯನ್ನು ಅಪ್ಪನ ತಾಟಿಗೆ ಹಾಕಿದಳು.

“ಆಕಿಗೆ ಪೈಪ್ ಇರೂ ಅರ್ಧ,” ಎಂದಳು. “ಲಾವಣಿ ಕಾಗದಕ್ಕ ಸಹಿ ಹಾಕೂದು ನಾನ ಅಲ್ಲೇನು?”