ತನ್ನನ್ನೇ ಬೆನ್ನಟ್ಟಿದ ಸವಾರ

ನಮ್ಮ ವರ್ಜಿಲ್ ಟಟಲ್ ಒಂದೇ ದಿನದಲ್ಲಿ ತನ್ನನ್ನೇ ಬೆನ್ನಟ್ಟಿ, ತನ್ನನ್ನೇ ಗುಂಡಿಟ್ಟು ಕೊಂದವನು. ನಗಬೇಡಿ. ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್ ಬಂಡೆಗಳ ನಡುವೆ ಐದು ದಿನಕ್ಕೊಂದು ಕೌಬಾಯ್ ಚಿತ್ರ ಮುಗಿಯುತ್ತಿದ್ದ ಆ ಕಾಲದಲ್ಲಿ ನಮ್ಮೆಲ್ಲರ ಪಾಡೂ ಅದೇ ಆಗಿತ್ತು. ಕಂಪನಿಗೆ ಸವಾರರೆಂದರೆ ನಾವು ಆರೇ ಮಂದಿ. ಬೆಳಿಗ್ಗೆ ಕಪ್ಪು ಟೋಪಿ ಹಾಕಿಕೊಂಡು ಡಕಾಯಿತರಾಗಿ ಓಡುತ್ತಿದ್ದೆವು. ಮಧ್ಯಾಹ್ನ ಅದೇ ಕುದುರೆಗಳ ಮೇಲೆ, ಅದೇ ಬಂಡೆಗಳ ನಡುವೆ, ಬಿಳಿ ಟೋಪಿ ಹಾಕಿಕೊಂಡು ನಮ್ಮನ್ನೇ ಹಿಡಿಯಲು ಹೋಗುತ್ತಿದ್ದೆವು. ಎರಡೂ ಟೋಪಿಗಳನ್ನು ನಾವೇ ಮನೆಯಿಂದ ತರಬೇಕಿತ್ತು.

ಯಾರೂ ಗುರುತಿಸುವುದಿಲ್ಲವೆಂದು ನಿರ್ದೇಶಕ ಆಣೆ ಮಾಡಿದ್ದ. ಆದರೆ ಚಿತ್ರ ನೋಡಿದ ವರ್ಜಿಲನ ಹೆಂಡತಿ ಹೆಟ್ಟಿ, ಗಂಡ ಸತ್ತು ಬಿದ್ದದ್ದನ್ನು ಕಂಡು ಗೋಳೋ ಎಂದು ಅತ್ತಳು. ಕೊಂದವನನ್ನೂ ಗುರುತಿಸಿದಳು.

ಅವಳು ಚಿತ್ರ ನೋಡಿ ಬಂದ ದಿನ ಸಂಜೆ, ಮುಂದಿನ ಚಿತ್ರದ ಕೆಲಸ ಮುಗಿಸಿ ವರ್ಜಿಲ್ ಬಿಳಿ ಟೋಪಿಯಲ್ಲೇ ಮನೆಗೆ ಹೋದ. ನಾನೂ ಜೊತೆಗಿದ್ದೆ. ಹೆಟ್ಟಿ ಬಾಗಿಲಿಗೆ ಅಡ್ಡ ನಿಂತಳು.

"ನನ್ ಗಂಡನ್ನ ಕೊಂದು ಇಲ್ಲೇ ಉಣ್ಣಕ್ಕೆ ಬಂದ್ಯಾ? ನಡಿ ಆಚೆ!"

"ಲೇ, ನಾನು ಕಣೇ!"

"ಗೊತ್ತು. ಬೆನ್ನಿಗೆ ಹೊಡೆದ್ಯಲ್ಲ, ನಾಚ್ಕೆ ಆಗಲ್ವಾ?"

ಹಸಿವು ಯಾರಪ್ಪನ ಮಾತೂ ಕೇಳುವುದಿಲ್ಲ. ವರ್ಜಿಲ್ ಲಾಯದ ಹಿಂದೆ ಹೋಗಿ ಕಪ್ಪು ಟೋಪಿ ಹಾಕಿಕೊಂಡು ಬಂದ. ಹೆಟ್ಟಿ ಕಣ್ಣೊರೆಸಿಕೊಂಡು ತಟ್ಟೆ ತುಂಬ ಬೇಯಿಸಿದ ಬೀನ್ಸ್ ಬಡಿಸಿದಳು.

"ಪಾಪ, ಸತ್ತು ಸುಸ್ತಾಗಿದ್ದೀಯ, ತಿನ್ನು. ಆ ಪಾಪಿ ಮುಖ ನೋಡಿದ್ಯಾ?"

ವರ್ಜಿಲ್ ತಟ್ಟೆಯಿಂದ ತಲೆಯೆತ್ತಲಿಲ್ಲ.

"ಹಿಂದಿಂದ ಹೊಡ್ದ ಕಣೇ, ಹೆಂಗೆ ನೋಡ್ಲಿ?"