ಮೂರನೇ ಕಂಟೇನರಿನ ಬಾಗಿಲು

ಐಮಂಗಲದ ಹತ್ತಿರ, ಹೆದ್ದಾರಿ ಬಿಟ್ಟು ಒಂದು ಮಣ್ಣುರಸ್ತೆ ಒಳಕ್ಕೆ ಹೋಗುವಲ್ಲಿ ನಮ್ಮ ಬ್ಯಾಟರಿ ಕೇಂದ್ರವಿದೆ. ತಂತಿಬೇಲಿಯೊಳಗೆ ಎಂಟು ಬಿಳಿ ಕಂಟೇನರುಗಳು. ಒಂದೊಂದರಲ್ಲೂ ಕಪಾಟಿನ ಮೇಲೆ ಕಪಾಟಿನಂತೆ ಜೋಡಿಸಿದ ಲಿಥಿಯಂ ಬ್ಯಾಟರಿಗಳು. ಗುಡ್ಡದ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗುವಾಗ ಇವು ವಿದ್ಯುತ್ ತುಂಬಿಕೊಳ್ಳುತ್ತವೆ. ಗಾಳಿ ಬಿದ್ದಾಗ, ಲೈನು ಹೋದಾಗ, ಚಿತ್ರದುರ್ಗದ ಬದಿಯ ಡೇಟಾ ಸೆಂಟರಿಗೆ ಕೊಡುತ್ತವೆ. ಜನರ ಫೋಟೊ, ಆಸ್ಪತ್ರೆಯ ವರದಿ, ಪಹಣಿ, ಏನೆಲ್ಲವನ್ನೋ ಇಟ್ಟುಕೊಂಡ ಸರ್ವರುಗಳು ಅಲ್ಲಿವೆ. ಅವಕ್ಕೆ ಒಂದು ಕ್ಷಣ ಕರೆಂಟು ತಪ್ಪಿದರೂ ಆಗದು.

ನಾನು ಅಲ್ಲಿ ಹಗಲು ಪಾಳಿಯ ಆಪರೇಟರ್. ಹಿರಿಯೂರಿನಿಂದ ಬಸ್ಸಿನಲ್ಲಿ ಬರುತ್ತೇನೆ. ನನ್ನ ಜೊತೆ ಇರುವವರು ಕಾವಲಿನ ಅಜ್ಜ ಒಬ್ಬರೇ.

ಆ ದಿನ ಬೆಳಿಗ್ಗೆಯೇ ಲೈನು ಹೋಗಿತ್ತು. ಡೇಟಾ ಸೆಂಟರು ಪೂರ್ತಿ ನಮ್ಮ ಮೇಲೆಯೇ ನಡೆಯುತ್ತಿತ್ತು. ಊಟದ ಡಬ್ಬಿ ಬಿಚ್ಚುವಾಗ ಪರದೆಯ ಮೇಲೆ ಮೂರನೇ ಕಂಟೇನರಿನ ಅಂಕಿ ಹಳದಿಯಾಯಿತು. ಒಳಗಿನ ಒಂದು ಕಪಾಟಿನ ಬಿಸಿ ಏರುತ್ತಿತ್ತು. ಬೇಸಿಗೆ, ಹೊರೆಯೂ ಹೆಚ್ಚು, ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ. ಒಂದು ತುತ್ತು ಬಾಯಿಗಿಡುವಷ್ಟರಲ್ಲಿ ಅಂಕಿ ಕೆಂಪಾಗಿ ಗಂಟೆ ಹೊಡೆಯತೊಡಗಿತು.

ನಿಯಮ ನನಗೆ ಬಾಯಿಪಾಠ. ಕೆಟ್ಟದ್ದನ್ನೂ ಅದರ ಎರಡೂ ಪಕ್ಕದವನ್ನೂ ಲೈನಿನಿಂದ ಬಿಡಿಸಬೇಕು. ಹಾಗೆ ಮಾಡಿದರೆ ಉಳಿದ ಐದು ಅಷ್ಟೂ ಹೊರೆ ಹೊರಲಾರವು. ಡೇಟಾ ಸೆಂಟರಿಗೆ ಫೋನು ಮಾಡಿದೆ. ಮೂರು ಕಂಟೇನರ್ ಬಿಡಿಸಬೇಕೆಂದು ಎತ್ತಿದವನಿಗೆ ಹೇಳಿದೆ.

"ಮೇಡಂ, ನಮ್ಮ ಒಂದು ಜನರೇಟರ್ ರಿಪೇರಿಗೆ ಬಿಚ್ಚಿಟ್ಟೀವಿ. ಹತ್ತು ನಿಮಿಷ ತಡ್ಕಳ್ರಿ. ಆಸ್ಪತ್ರೆ ಕೆಲ್ಸ ನಡೀತೈತೆ ಇಲ್ಲಿ."

"ಹತ್ತು ನಿಮಿಷ ಇಲ್ಲ. ಬೇಕಿಲ್ಲದ ಮಷೀನ್ ಆರಿಸ್ಕಳ್ರಿ. ಎರಡು ನಿಮಿಷಕ್ಕೆ ಕಟ್ ಮಾಡ್ತೀನಿ."

"ನಿಮಗೆ ಗೊತ್ತಾಗ್ತಿಲ್ಲ ಮೇಡಂ..."

ಗೊತ್ತಾಗುತ್ತಿತ್ತು. ಯಾವುದೋ ಊರಿನಲ್ಲಿ ವೈದ್ಯರ ಮುಂದೆ ಪರದೆ ಕಪ್ಪಾಗುವುದು ಕಣ್ಣಿಗೆ ಕಟ್ಟುತ್ತಿತ್ತು. ಗಡಿಯಾರ ನೋಡುತ್ತ ನಿಂತೆ. ಎರಡು ನಿಮಿಷ ತುಂಬಿದ ಕೂಡಲೇ ಮೂರು ಬಟನ್ ಒತ್ತಿದೆ.

ಹೊರಗಿನಿಂದ ಅಜ್ಜ ಕೂಗಿದರು: "ಅಮ್ಮಾ, ಹೊಗೆ!"

ಓಡಿ ಬಂದೆ. ಮೂರನೇ ಕಂಟೇನರಿನ ಮಾಡಿನ ಕಿಂಡಿಯಿಂದ ಬೆಳ್ಳಗೆ, ಅಕ್ಕಿ ಬೇಯುವ ಆವಿಯಂತೆ ಏನೋ ಸುರುಳಿ ಸುತ್ತಿ ಏಳುತ್ತಿತ್ತು. ಅಜ್ಜ ಬೆಂಕಿ ಆರಿಸುವ ಸಿಲಿಂಡರ್ ಹೆಗಲಿಗೇರಿಸಿ ಬಾಗಿಲ ಹತ್ತಿರ ಹೋಗಿಬಿಟ್ಟಿದ್ದರು. ಕೈ ಚಿಲಕದ ಮೇಲಿತ್ತು. ನಾನು ಅವರ ಅಂಗಿ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಜಲ್ಲಿಯ ಮೇಲೆ ಬಿದ್ದೆವು.

"ಯಾಕಮ್ಮ, ಒಳಗೆ ಉರೀತೈತಲ್ಲ!"

"ಅದು ಹೊಗೆ ಅಲ್ಲಜ್ಜ, ಗ್ಯಾಸು. ಬಾಗ್ಲು ತೆಗೆದ್ರೆ ಗಾಳಿ ಒಳಗೆ ಹೋಗಿ ಸಿಡೀತೈತೆ. ನಡೀರಿ ಹೋಗಾಣ."

ನಾನು ಫೋನು ಮಾಡಿ, ಹಿರಿಯೂರಿನಿಂದ ಅಗ್ನಿಶಾಮಕದ ಗಾಡಿ ಬರುವಷ್ಟರಲ್ಲಿ ಹೆದ್ದಾರಿಯಲ್ಲಿ ಹೋಗುತ್ತಿದ್ದವರೆಲ್ಲ ಬೈಕು ನಿಲ್ಲಿಸಿ ಬೇಲಿಗೆ ಆತುಕೊಂಡಿದ್ದರು. ಗಾಳಿ ಆ ವಿಷದ ಗ್ಯಾಸನ್ನು ಅವರತ್ತಲೇ ತಳ್ಳುತ್ತಿತ್ತು. ಅಜ್ಜ ಬೈದು, ಬೇಡಿಕೊಂಡು, ಕೊನೆಗೆ ಕೋಲು ಬೀಸಿ ಎಲ್ಲರನ್ನೂ ಆಚೆ ಬದಿಗೆ ಅಟ್ಟಿದರು. ಗಾಡಿಯಿಂದ ಇಳಿದ ಅಧಿಕಾರಿ ನನ್ನ ಮಾತು ಮುಗಿಯುವ ಮೊದಲೇ ಹುಡುಗರಿಗೆ ಪೈಪು ಬಿಚ್ಚಲು ಹೇಳಿ, ಬಾಗಿಲು ಮುರಿಯಲು ಹಾರೆ ತರಿಸಿದರು.

ನಾನು ಅವರ ದಾರಿಗೆ ಅಡ್ಡ ನಿಂತೆ.

"ಏನಮ್ಮ, ಬೆಂಕಿ ಆರ್ಸೋದು ನನ್ನ ಕೆಲ್ಸ. ಇಪ್ಪತ್ತು ವರ್ಷದಿಂದ ಮಾಡ್ತಾ ಇದೀನಿ."

"ಇದು ಅಂಥ ಬೆಂಕಿ ಅಲ್ಲ ಸಾರ್. ನೀರು ಪಕ್ಕದ ಎರಡಕ್ಕೆ ಹೊಡೀರಿ, ಅವು ತಣ್ಣಗಿರ್ಲಿ. ಇದನ್ನ ಮುಟ್ಬ್ಯಾಡ್ರಿ."

"ಊರಿಗೆ ಹೆಚ್ಚುಕಮ್ಮಿ ಆದ್ರೆ?"

"ಬಾಗ್ಲು ತೆಗೆದ್ರೆ ಮೊದ್ಲು ನಿಮ್ಮ ಹುಡುಗ್ರು ಸಾಯ್ತಾರೆ."

ಅಷ್ಟು ದೊಡ್ಡ ಮಾತು ಹೇಗೆ ಬಂತೋ. ಅವರು ಹಾರೆ ಹಿಡಿದ ಹುಡುಗನನ್ನೂ ನನ್ನನ್ನೂ ನೋಡಿ, ಫೋನು ತೆಗೆದು ಮೇಲಿನವರ ಜೊತೆ ಮಾತಾಡಿದರು. ಆಮೇಲೆ ಹಾರೆಯನ್ನು ಗಾಡಿಗೆ ವಾಪಸು ಹಾಕಿಸಿ, ಪಕ್ಕದ ಕಂಟೇನರುಗಳ ಮೇಲೆ ನೀರು ಬಿಡಿಸಿದರು.

ಆಮೇಲೆ ಕಾಯುವುದೊಂದೇ ಕೆಲಸ. ಒಳಗಿಂದ ಆಗಾಗ ಮಂಚ ಮುರಿದಂತೆ ಸದ್ದು ಬರುತ್ತಿತ್ತು. ಪ್ರತಿ ಸದ್ದಿಗೂ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆವು. ಆಗ ನನಗೆ ಹಿಂದಿನ ವಾರದ ತಪಾಸಣೆ ನೆನಪಾಯಿತು. ತಂಪು ಮಾಡುವ ಯಂತ್ರದ ಜಾಲರಿಯನ್ನು ವಾರಕ್ಕೊಮ್ಮೆ ಬಿಚ್ಚಿ ನೋಡಬೇಕು. ಅಂದು ದೂಳುಗಾಳಿ ಕಣ್ಣು ಬಿಡಲು ಕೊಟ್ಟಿರಲಿಲ್ಲ. ಎರಡು ಕಂಟೇನರಿನದು ನೋಡಿ, ಉಳಿದವಕ್ಕೆ ನೋಡದೆಯೇ ಸಹಿ ಹಾಕಿದ್ದೆ. ಮೂರನೆಯದಕ್ಕೂ.

ಹೊತ್ತು ಮುಳುಗುವಾಗ ಆವಿ ತೆಳುವಾಯಿತು. ಅಂಕಿ ಇಳಿಯಿತು. ಡೇಟಾ ಸೆಂಟರಿನವನು ತಾನೇ ಫೋನು ಮಾಡಿದ. ಅರ್ಧ ಸರ್ವರುಗಳನ್ನು ಆರಿಸಿ ಆಸ್ಪತ್ರೆಯವನ್ನು ಉಳಿಸಿಕೊಂಡಿದ್ದರಂತೆ. "ನಿಮ್ಮನ್ನ ಬೈಕಂಡೇ ಮಾಡಿದ್ವಿ ಮೇಡಂ" ಎಂದ. ನಗು ಬರಲಿಲ್ಲ.

ಎರಡು ದಿನ ಬಿಟ್ಟು ಬೆಂಗಳೂರಿನಿಂದ ಬಂದ ತಂಡ ಕಂಟೇನರ್ ತೆರೆಯಿತು. ಒಂದು ಕಪಾಟು ಸುಟ್ಟು ಕರಕಲಾಗಿತ್ತು. ಬ್ಯಾಟರಿಯದೇ ದೋಷವಿತ್ತು ಎಂದರು. ಜಾಲರಿಯಲ್ಲಿ ದೂಳೂ ಮೆತ್ತಿಕೊಂಡಿತ್ತು. ಅದರಿಂದ ಎಷ್ಟು ಕೆಟ್ಟಿತೆಂದು ಅವರಿಗೂ ಹೇಳಲಾಗಲಿಲ್ಲ. ಯಾರೂ ಕೇಳದಿದ್ದರೂ ನಾನು ಸಹಿಯ ವಿಷಯ ಮ್ಯಾನೇಜರಿಗೆ ಹೇಳಿದೆ. ಅವರು ಸಹಿಯ ಪುಸ್ತಕ ತರಿಸಿ ನೋಡಿದರು. ಒಂದು ತಿಂಗಳು ಪಾಳಿಯಿಂದ ತೆಗೆದರು. ಕೆಲಸ ಹೋಗಲಿಲ್ಲ.

ಆ ತಿಂಗಳಲ್ಲೇ ಅಗ್ನಿಶಾಮಕದ ಅಧಿಕಾರಿ ಫೋನು ಮಾಡಿದರು. "ನಮಗಿದೆಲ್ಲ ಹೊಸದಮ್ಮ. ಬಂದು ಹೇಳ್ಕೊಡ್ರಿ" ಎಂದರು. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ಮೂರೂ ಠಾಣೆಗೆ ಅವರೇ ಜೀಪಿನಲ್ಲಿ ಕರೆದುಕೊಂಡು ಹೋದರು. ನನ್ನ ಸಹಿಯ ಕತೆಯನ್ನೂ ಸೇರಿಸಿಯೇ ಹೇಳಿದೆ. ಹೊಸದುರ್ಗದಲ್ಲಿ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ನಿಂತಳು.

"ಒಳಗೆ ರಿಪೇರಿಗೆ ಹೋದ ಮನುಷ್ಯ ಸಿಕ್ಕಾಕ್ಕಂಡಿದ್ರೆ? ಆಗ್ಲೂ ಬಾಗ್ಲು ತೆಗೀಬಾರ್ದಾ ಅಕ್ಕ?"

ಅಧಿಕಾರಿ ನನ್ನ ಮುಖ ನೋಡಿದರು. ಗೊತ್ತಿಲ್ಲವೆಂದೇ ಹೇಳಿ, ಪ್ರಶ್ನೆಯನ್ನು ಬರೆದುಕೊಂಡು ಬಂದು ಮ್ಯಾನೇಜರಿಗೆ ಕೊಟ್ಟೆ. ಈಗ ನಮ್ಮಲ್ಲಿ ಯಾರೂ ಒಬ್ಬರೇ ಇದ್ದಾಗ ಒಳಗೆ ಹೋಗುವಂತಿಲ್ಲ. ಲೈನು ಬಿಡಿಸಿದ ಮೇಲೆಯೇ ಹೋಗಬೇಕು, ಹೊರಗೆ ಒಬ್ಬರು ಗ್ಯಾಸಿನ ಮೀಟರ್ ಹಿಡಿದು ನಿಂತಿರಬೇಕು. ನಾನು ಒಳಗೆ ಹೋದಾಗಲೆಲ್ಲ ಹೊರಗೆ ನಿಲ್ಲುವವರು ಅಜ್ಜ. ಮೀಟರಿನಿಂದ ಕಣ್ಣು ತೆಗೆಯದೆ, ಎರಡೆರಡು ನಿಮಿಷಕ್ಕೆ ಕೂಗುತ್ತಾರೆ: "ಅಮ್ಮಾ, ಇದೀಯೇನಮ್ಮ?"